ಆರ್ಲಿಂಗ್ಟನ್ ಸೈನಿಕ ಸ್ಮಶಾನ: ನೆಲ ಬೆಳೆದರೂ ಬಗೆಹರಿಯದ ಪ್ರಶ್ನೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ಪೊಟೊಮ್ಯಾಕ್ ನದಿಯನ್ನು ದಾಟಿದರೆ ವರ್ಜೀನಿಯಾದ ದಿಬ್ಬಗಳ ಮೇಲೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ ಹರಡಿಕೊಂಡಿದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ಅವರ ಕುಟುಂಬದವರು ಅಲ್ಲಿ ಮಣ್ಣಾಗಿದ್ದಾರೆ. ವಾರದ ಕೆಲಸದ ದಿನಗಳಲ್ಲಿ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಅಂತ್ಯಸಂಸ್ಕಾರಗಳು ನಡೆಯುತ್ತವೆ. ಪೂರ್ಣ ಸೇನಾ ಗೌರವದ ಸಂಸ್ಕಾರ ಬೇಕೆನ್ನುವ ಕುಟುಂಬಗಳು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೀಗೆ ದಿನವೂ ತುಂಬುತ್ತಿರುವ ಒಂದು ಸ್ಮಶಾನವನ್ನು ಅದರ ಆಡಳಿತ ಒಂದೂವರೆ ಶತಮಾನದಿಂದ ಹೇಗೆ ಬೆಳೆಸಿತು, ಈಗ ನಡೆದಿರುವ ವಿಸ್ತರಣೆಯ ಬಳಿಕ ಅದರ ಮುಂದೆ ಉಳಿದಿರುವ ಪ್ರಶ್ನೆ ಯಾವುದು ಎಂಬುದು ಈ ಪ್ರಕರಣದ ವಿಷಯ.

ಇಷ್ಟು ಪ್ರಸಿದ್ಧವಾದ ಸ್ಥಳದ ಹೆಸರನ್ನು ಮರೆಮಾಚಿ ಪ್ರಕರಣವನ್ನು ಹೇಳುವುದು ಸಾಧ್ಯವಿಲ್ಲ. ಆದರೆ ಇತಿಹಾಸಕ್ಕೆ ಸೇರಿಹೋದವರ ಹೊರತು ಇತ್ತೀಚಿನ ದಶಕಗಳ ಅಧಿಕಾರಿಗಳನ್ನಾಗಲಿ, ನೊಂದ ಕುಟುಂಬಗಳನ್ನಾಗಲಿ, ಗುತ್ತಿಗೆದಾರರನ್ನಾಗಲಿ ಇಲ್ಲಿ ಹೆಸರಿಸಿಲ್ಲ. ಹೆಸರುಗಳಿಗಿಂತ ಅವರ ಮುಂದಿದ್ದ ಆಯ್ಕೆಗಳೇ ಇತರರಿಗೆ ಉಪಯುಕ್ತ.

ಹಿನ್ನೆಲೆ

ಈ ನೆಲ ಸ್ಮಶಾನವಾಗುವ ಮೊದಲು ಸುಮಾರು 1,100 ಎಕರೆಯ ತೋಟವಾಗಿತ್ತು. ಜಾರ್ಜ್ ವಾಷಿಂಗ್ಟನ್ನರ ಸಾಕುಮೊಮ್ಮಗ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ಗುಲಾಮರ ದುಡಿಮೆಯಿಂದ ಕಟ್ಟಿಸಿದ ಆ ಭವನ ಮತ್ತು ತೋಟ ಅವರ ಮಗಳು ಮೇರಿಯ ಕಾಲಕ್ಕೆ ಬಂದಾಗ, ಆಕೆಯ ಪತಿ ರಾಬರ್ಟ್ ಇ. ಲೀ ಅಂತರ್ಯುದ್ಧದಲ್ಲಿ ಕೇಂದ್ರ ಸರ್ಕಾರದ ವಿರುದ್ಧ ನಿಂತ ದಕ್ಷಿಣದ ರಾಜ್ಯಗಳ ಪಕ್ಷ ಸೇರಿದರು. 1861ರ ಮೇ ತಿಂಗಳಲ್ಲಿ ಉತ್ತರದ, ಎಂದರೆ ಕೇಂದ್ರ ಸರ್ಕಾರದ, ಸೇನೆ ದಿಬ್ಬವನ್ನು ವಶಪಡಿಸಿಕೊಂಡಿತು. 1862ರ ತೆರಿಗೆ ಕಾನೂನಿನಡಿ ಈ ಆಸ್ತಿಯ ಮೇಲೆ 92 ಡಾಲರ್ 7 ಸೆಂಟ್ ತೆರಿಗೆ ಬಿದ್ದಿತು. ಅನಾರೋಗ್ಯದಲ್ಲಿದ್ದ ಮೇರಿ ಲೀ ಬಂಧುವೊಬ್ಬರ ಕೈಯಲ್ಲಿ ಹಣ ಕಳುಹಿಸಿದರು. ಒಡೆಯರೇ ಖುದ್ದಾಗಿ ಬಂದು ಕಟ್ಟಬೇಕೆಂದು ಅಧಿಕಾರಿಗಳು ಅದನ್ನು ನಿರಾಕರಿಸಿದರು. 1864ರ ಜನವರಿಯಲ್ಲಿ ನಡೆದ ಹರಾಜಿನಲ್ಲಿ ಸರ್ಕಾರವೇ 26,800 ಡಾಲರ್ ಕೊಟ್ಟು ಆಸ್ತಿಯನ್ನು ಕೊಂಡಿತು.

ಅದೇ ವರ್ಷ ವಾಷಿಂಗ್ಟನ್ ಸುತ್ತಲಿನ ಆಸ್ಪತ್ರೆಗಳಲ್ಲಿ ಸಾಯುತ್ತಿದ್ದ ಸೈನಿಕರನ್ನು ಹೂಳಲು ಇದ್ದ ಜಾಗಗಳು ತುಂಬಿಹೋದವು. ಸೇನೆಯ ಸರಬರಾಜು ವಿಭಾಗದ ಮುಖ್ಯಸ್ಥ ಮಾಂಟ್‌ಗಮರಿ ಮೇಗ್ಸ್ ಈ ತೋಟವನ್ನು ಸೂಚಿಸಿದರು. 1864ರ ಮೇ 13ರಂದು ಪೆನ್ಸಿಲ್ವೇನಿಯಾದ ಸಾಮಾನ್ಯ ಸಿಪಾಯಿ ವಿಲಿಯಂ ಕ್ರಿಸ್ಟ್‌ಮನ್ ಅಲ್ಲಿ ಹೂಳಲ್ಪಟ್ಟ ಮೊದಲ ಸೈನಿಕನಾದ. ಜೂನ್ 15ರಂದು ಭವನವನ್ನೂ ಅದರ ಸುತ್ತ 200 ಎಕರೆಗೆ ಮೀರದ ನೆಲವನ್ನೂ ಅಧಿಕೃತವಾಗಿ ಸೈನಿಕ ಸ್ಮಶಾನವೆಂದು ಗೊತ್ತುಪಡಿಸಲಾಯಿತು. ಲೀ ಕುಟುಂಬ ಮರಳಿ ಬಂದು ವಾಸ ಮಾಡಲಾಗದಂತೆ ಮನೆಯ ಹೂದೋಟದ ಅಂಚಿನಲ್ಲೇ ಸಮಾಧಿಗಳು ಬರಬೇಕೆಂದು ಮೇಗ್ಸ್ ಪಟ್ಟುಹಿಡಿದರು. 1866ರಲ್ಲಿ ಗುರುತು ಸಿಗದ 2,111 ಸೈನಿಕರ ಅವಶೇಷಗಳನ್ನು ಆ ತೋಟದ ಒಂದೇ ಸಮಾಧಿಯಲ್ಲಿ ಇರಿಸಲಾಯಿತು.

ಸತ್ತವರನ್ನು ಗೌರವಿಸುವ ಕೆಲಸವೂ ಒಂದು ಕುಟುಂಬವನ್ನು ಶಿಕ್ಷಿಸುವ ಕೆಲಸವೂ ಇಲ್ಲಿ ಒಂದೇ ಆದೇಶದಲ್ಲಿ ಬೆರೆತಿದ್ದವು. ಲೀ ದಂಪತಿಯ ಹಿರಿಯ ಮಗ ಹೂಡಿದ ದಾವೆಯಲ್ಲಿ 1882ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಸಾವಿರಾರು ಸಮಾಧಿಗಳು ಎದ್ದಿದ್ದ ನೆಲವನ್ನು ಖಾಲಿ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ. 1883ರಲ್ಲಿ 1,50,000 ಡಾಲರ್ ಪಡೆದು ಮಗ ಆಸ್ತಿಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಸ್ಮಶಾನದ ಒಡೆತನ ಕಾನೂನಿನ ದೃಷ್ಟಿಯಲ್ಲಿ ಗಟ್ಟಿಯಾದದ್ದು, ಮೊದಲ ಸಮಾಧಿಯಾದ ಹತ್ತೊಂಬತ್ತು ವರ್ಷಗಳ ನಂತರ, ಆ ದಿನ.

ಲೀ ಕುಟುಂಬದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ನೆಲದಿಂದ ತೆರವುಗೊಂಡ ಇನ್ನೊಂದು ಸಮುದಾಯದ ಕಥೆಗೆ ಅಷ್ಟು ಜಾಗ ಸಿಗುವುದಿಲ್ಲ. 1863ರಲ್ಲಿ, ಎಂದರೆ ಸ್ಮಶಾನಕ್ಕಿಂತ ಒಂದು ವರ್ಷ ಮೊದಲು, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರಿಗಾಗಿ ಸರ್ಕಾರವೇ ಇಲ್ಲಿ ಫ್ರೀಡ್‌ಮನ್ಸ್ ವಿಲೇಜ್ ಎಂಬ ಊರನ್ನು ನಿರ್ಮಿಸಿತ್ತು. ಮನೆ, ಶಾಲೆ, ಆಸ್ಪತ್ರೆಗಳಿದ್ದ ಆ ಊರು ಕೆಲವೇ ವರ್ಷಗಳಿಗೆಂದು ಕಟ್ಟಿದ್ದಾದರೂ ಮೂರು ದಶಕಕ್ಕೂ ಹೆಚ್ಚು ಕಾಲ ಬಾಳಿ, 1900ರಲ್ಲಿ ಮುಚ್ಚಲ್ಪಟ್ಟಿತು. ಹಾಗೆ ಬಿಡುಗಡೆ ಪಡೆದ ಸುಮಾರು 3,800 ಜನರ ಸಮಾಧಿಗಳು 27ನೆಯ ವಿಭಾಗದಲ್ಲಿವೆ. ಅವರ ಕಲ್ಲುಗಳ ಮೇಲೆ ಸೈನ್ಯದ ದರ್ಜೆ ಇರಬೇಕಾದ ಕಡೆ ‘ಸಿಟಿಜನ್’, ‘ಸಿವಿಲಿಯನ್’ ಎಂಬ ಪದಗಳಿವೆ. ಇದೇ ತೋಟದಲ್ಲಿ ಗುಲಾಮನಾಗಿ ಹುಟ್ಟಿ, ಇಲ್ಲಿನ ಮೊದಮೊದಲ ಗುಂಡಿಗಳನ್ನು ತೋಡಿ, ಜೀವನವಿಡೀ ಇಲ್ಲೇ ದುಡಿದ ಜೇಮ್ಸ್ ಪಾರ್ಕ್ಸ್ 1929ರಲ್ಲಿ ಇಲ್ಲೇ ಹೂಳಲ್ಪಟ್ಟರು. ಆ ತೋಟದಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು ಅವರೊಬ್ಬರೇ. ಸೈನಿಕರ ಸಮಾಧಿಗಳಲ್ಲಿ ಬಿಳಿಯರು ಒಂದು ಕಡೆ, ಕರಿಯರು ಇನ್ನೊಂದು ಕಡೆ ಎಂಬ ವಿಂಗಡಣೆ 1948ರವರೆಗೂ ನಡೆಯಿತು. ವಿಸ್ತರಣೆಯ ಚರ್ಚೆಗೆ ಈ ಹಿನ್ನೆಲೆ ಅಗತ್ಯ, ಏಕೆಂದರೆ ಇಲ್ಲಿ ‘ಖಾಲಿ ನೆಲ’ ಎಂಬುದು ಯಾವ ಕಾಲದಲ್ಲೂ ಇರಲಿಲ್ಲ.

ಸಮಸ್ಯೆ ಹುಟ್ಟಿದ ಬಗೆ

ನೂರು ವರ್ಷಗಳವರೆಗೆ ಯಾರಿಗೆ ಜಾಗ ಕೊಡಬೇಕೆಂಬುದು ದೊಡ್ಡ ತಲೆನೋವಾಗಿರಲಿಲ್ಲ. ಗೌರವಯುತವಾಗಿ ಸೇವೆ ಮುಗಿಸಿದ ಹೆಚ್ಚುಕಡಿಮೆ ಯಾವ ಸೈನಿಕನಾದರೂ ಇಲ್ಲಿ ಹೂಳಲು ಅರ್ಹನಾಗಿದ್ದ. ಆದರೆ ಹೆಚ್ಚಿನ ಕುಟುಂಬಗಳು ತಮ್ಮವರನ್ನು ತಮ್ಮ ಊರಿಗೇ ಒಯ್ಯುತ್ತಿದ್ದವು. 1963ರ ನವೆಂಬರ್ 25ರಂದು ಅಧ್ಯಕ್ಷ ಕೆನಡಿಯವರನ್ನು ಇಲ್ಲಿ ಹೂಳಿದ್ದನ್ನು ಇಡೀ ದೇಶ ದೂರದರ್ಶನದಲ್ಲಿ ಕಂಡಿತು. ಮುಂದಿನ ಮೂರು ವರ್ಷಗಳಲ್ಲಿ ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಆ ಸಮಾಧಿಯ ಬಳಿ ಬಂದುಹೋದರು. ಅಂದಿನವರೆಗೆ ಸೈನಿಕರ ಹಲವು ಸ್ಮಶಾನಗಳಲ್ಲಿ ಒಂದಾಗಿದ್ದ ಆರ್ಲಿಂಗ್ಟನ್ ಅಂದಿನಿಂದ ರಾಷ್ಟ್ರದ ಪುಣ್ಯಭೂಮಿಯೆನಿಸಿತು, ಅಲ್ಲಿ ಜಾಗ ಬೇಕೆನ್ನುವ ಅರ್ಜಿಗಳು ಹಠಾತ್ತನೆ ಏರಿದವು. ಅದೇ ಹೊತ್ತಿಗೆ ವಿಯೆಟ್ನಾಂ ಯುದ್ಧ ಬೆಳೆಯುತ್ತಿತ್ತು, ಎರಡು ಮಹಾಯುದ್ಧಗಳ ಸೈನಿಕರಿಗೆ ವಯಸ್ಸಾಗುತ್ತಿತ್ತು.

ಇಲ್ಲಿ ಮೊದಲ ದೊಡ್ಡ ತಿರುವು. 1967ರ ಫೆಬ್ರವರಿಯಲ್ಲಿ ಸೇನೆ ನೆಲದೊಳಗೆ ಹೂಳುವ ಅರ್ಹತೆಯನ್ನು ಬಿಗಿಗೊಳಿಸಿತು. ಸೇವೆಯಲ್ಲಿದ್ದಾಗ ಸತ್ತವರು, ಪೂರ್ಣಾವಧಿ ಸೇವೆ ಮುಗಿಸಿ ನಿವೃತ್ತರಾದವರು, ಉನ್ನತ ಶೌರ್ಯಪದಕ ಪಡೆದವರು ಮುಂತಾದ ವರ್ಗಗಳಿಗೆ ಮತ್ತು ಅವರ ಅವಲಂಬಿತರಿಗೆ ಮಾತ್ರ ಅವಕಾಶ ಉಳಿಯಿತು. 1980ರಲ್ಲಿ ಚಿತಾಭಸ್ಮದ ಕಲಶಗಳನ್ನಿಡುವ ಗೂಡುಗಳ ಗೋಡೆಗಳನ್ನು ತೆರೆದು, ಸಮಾಧಿಯ ಅವಕಾಶ ಕಳೆದುಕೊಂಡಿದ್ದ ಸಾಮಾನ್ಯ ಮಾಜಿ ಸೈನಿಕರಿಗೆ ಅಲ್ಲಿ ಜಾಗ ಕೊಟ್ಟರು. ಒಂದೇ ಗುಂಡಿಯಲ್ಲಿ ಪತಿಪತ್ನಿಯರನ್ನು ಒಬ್ಬರ ಮೇಲೊಬ್ಬರಂತೆ ಹೂಳುವ ಪದ್ಧತಿಯಿಂದಲೂ ನೆಲ ಉಳಿಯುತ್ತಿತ್ತು. ಈ ಕ್ರಮಗಳು ದೊಡ್ಡ ಕಾಲಾವಕಾಶ ತಂದವು. ಆದರೆ ಪ್ರಶ್ನೆ ಮುಂದಕ್ಕೆ ಹೋಯಿತಷ್ಟೇ, ತೀರಲಿಲ್ಲ.

ನಮ್ಮ ಓದುಗರಿಗೆ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹುತಾತ್ಮ ಯೋಧನ ಪಾರ್ಥಿವ ಶರೀರ ಸಾಮಾನ್ಯವಾಗಿ ಹುಟ್ಟೂರಿಗೆ ಬರುತ್ತದೆ, ಅಂತ್ಯಕ್ರಿಯೆ ಊರಿನವರ ಸಮ್ಮುಖದಲ್ಲಿ ನಡೆಯುತ್ತದೆ. ಒಂದೇ ಜಾಗಕ್ಕೆ ಇಡೀ ದೇಶದ ಸೈನಿಕರು ಹಕ್ಕುದಾರರಾಗುವ ಪರಿಸ್ಥಿತಿ ನಮಗೆ ಅಪರಿಚಿತ. ಅಮೆರಿಕದಲ್ಲೂ ಮಾಜಿ ಸೈನಿಕರ ಇಲಾಖೆ ನಡೆಸುವ ನೂರೈವತ್ತಕ್ಕೂ ಹೆಚ್ಚು ರಾಷ್ಟ್ರೀಯ ಸ್ಮಶಾನಗಳಿವೆ, ಅಲ್ಲಿ ಅರ್ಹರಿಗೆ ಸಮಾಧಿಯೂ ಕಲ್ಲೂ ಉಚಿತ. ಆರ್ಲಿಂಗ್ಟನ್ ಆ ಇಲಾಖೆಗೆ ಸೇರದೆ ನೇರವಾಗಿ ಭೂಸೇನೆಯ ಕೈಯಲ್ಲಿದೆ. ಕುದುರೆಗಳೆಳೆಯುವ ಬಂಡಿ, ವಾದ್ಯವೃಂದ, ಪಡೆಯ ನಡಿಗೆ ಇವೆಲ್ಲ ಸೇರಿದ ಸಂಸ್ಕಾರ ನಿತ್ಯಕರ್ಮದಂತೆ ನಡೆಯುವುದು ಇಲ್ಲಿ. 2003ರಲ್ಲಿ ಕೊಲಂಬಿಯಾ ನೌಕೆಯೊಡನೆ ಮಡಿದ ಗಗನಯಾತ್ರಿಗಳ ಸ್ಮಾರಕವೂ ಇಲ್ಲೇ ಇದೆ, ಅದರಲ್ಲಿ ಕಲ್ಪನಾ ಚಾವ್ಲಾರ ಹೆಸರಿದೆ. ಜನ ಕೇಳುತ್ತಿರುವುದು ಬರಿಯ ಆರಡಿ ನೆಲವನ್ನಲ್ಲ, ಈ ಗೌರವವನ್ನು ಎಂಬುದನ್ನು ಮುಂದಿನ ಚರ್ಚೆಯಲ್ಲಿ ಮರೆಯುವಂತಿಲ್ಲ.

ದಾಖಲೆ ಕುಸಿದಾಗ

ವಿಸ್ತರಣೆಯ ಯೋಜನೆಗಳು ಕಾಗದದ ಮೇಲೆ ರೂಪುಗೊಳ್ಳುತ್ತಿದ್ದ ಕಾಲದಲ್ಲೇ ಇರುವ ಸಮಾಧಿಗಳ ಲೆಕ್ಕ ಸರಿಯಿಲ್ಲವೆಂಬ ಸಂಗತಿ ಹೊರಬಂತು. 2010ರ ಜೂನ್‌ನಲ್ಲಿ ಸೇನೆಯ ತನಿಖಾಧಿಕಾರಿಗಳು ಮೂರು ವಿಭಾಗಗಳಲ್ಲೇ 211 ತಪ್ಪುಗಳನ್ನು ಪಟ್ಟಿಮಾಡಿದರು: ಕಲ್ಲಿಲ್ಲದ ಸಮಾಧಿಗಳು, ನಕ್ಷೆಯಲ್ಲಿ ಖಾಲಿಯೆಂದಿದ್ದು ನೆಲದಲ್ಲಿ ತುಂಬಿದ್ದ ಜಾಗಗಳು, ನಕ್ಷೆಯಲ್ಲಿ ತುಂಬಿದೆಯೆಂದಿದ್ದು ಖಾಲಿಯಿದ್ದ ಜಾಗಗಳು. ಅದೇ ವರ್ಷ ಒಂದೇ ಗುಂಡಿಯಲ್ಲಿ ಎಂಟು ಚಿತಾಭಸ್ಮದ ಕಲಶಗಳು ಸಿಕ್ಕವು. ಮೇಲ್ವಿಚಾರಕರೂ ಅವರ ಸಹಾಯಕರೂ ಹುದ್ದೆ ಬಿಟ್ಟರು. ಗಣಕೀಕರಣಕ್ಕೆಂದು ಹಲವು ಮಿಲಿಯನ್ ಡಾಲರ್ ವೆಚ್ಚವಾಗಿದ್ದರೂ ಕೆಲಸ ನಡೆಯುತ್ತಿದ್ದುದು ಕಾಗದದ ಚೀಟಿಗಳ ಮೇಲೆ ಮತ್ತು ಕೈಬರಹದ ನಕ್ಷೆಗಳ ಮೇಲೆ.

ಹೊಸ ಆಡಳಿತದ ಮುಂದೆ ಎರಡು ದಾರಿಗಳಿದ್ದವು. ದೂರು ಬಂದ ಸಮಾಧಿಗಳನ್ನು ಮಾತ್ರ ಪರಿಶೀಲಿಸಿ ತಿದ್ದುವುದು ಒಂದು; ಒಂದನ್ನೂ ಬಿಡದೆ ಎಲ್ಲವನ್ನೂ ಮೊದಲಿನಿಂದ ಎಣಿಸುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿದರು. 2011ರ ಬೇಸಿಗೆಯಲ್ಲಿ ಅಂತ್ಯಸಂಸ್ಕಾರದ ಗೌರವದಳದ ಸೈನಿಕರೇ ರಾತ್ರಿ ವೇಳೆಯಲ್ಲಿ ಫೋನ್ ಹಿಡಿದು ಪ್ರತಿಯೊಂದು ಕಲ್ಲಿನ ಮುಂಬದಿ ಹಿಂಬದಿಗಳ ಚಿತ್ರ ತೆಗೆದರು. 2,59,978 ಸಮಾಧಿ, ಗೂಡು ಮತ್ತು ಸ್ಮಾರಕಶಿಲೆಗಳನ್ನು ಎಣಿಸಿ, ಚಿತ್ರಗಳನ್ನು ಹಳೆಯ ದಾಖಲೆಗಳೊಡನೆ ಹೋಲಿಸಿದರು. ಮುಂದಿನ ವರ್ಷ ಯಾರು ಬೇಕಾದರೂ ಹೆಸರು ಹುಡುಕಿ ಸಮಾಧಿಯ ಚಿತ್ರವನ್ನೂ ದಾರಿಯನ್ನೂ ನೋಡಬಹುದಾದ ಸೇವೆ ಸಾರ್ವಜನಿಕರಿಗೆ ಸಿಕ್ಕಿತು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯುತ್ತಮ ನಿರ್ಧಾರ ಇದೇ. ತನ್ನಲ್ಲಿ ಎಷ್ಟು ಜಾಗ ಉಳಿದಿದೆ ಎಂದೇ ಖಚಿತವಾಗಿ ಹೇಳಲಾರದ ಸಂಸ್ಥೆ ಹೊಸ ನೆಲವನ್ನು ಕೇಳಿದರೆ ಅದರ ಮಾತಿಗೆ ತೂಕವಿರುವುದಿಲ್ಲ. ಮುಂದೆ ಅರ್ಹತೆಯನ್ನು ಮತ್ತೆ ಬಿಗಿಗೊಳಿಸಬೇಕೆಂದು ಅದೇ ಸಂಸ್ಥೆ ಹೇಳಿದಾಗ, ಆ ಲೆಕ್ಕವನ್ನು ನಂಬುವುದಕ್ಕೆ ಕುಟುಂಬಗಳಿಗೆ ಯಾವ ಆಧಾರವೂ ಇರುತ್ತಿರಲಿಲ್ಲ.

ಎರಡು ವಿಸ್ತರಣೆಗಳು

ಮೊದಲನೆಯದು ಸ್ಮಶಾನದ ವಾಯವ್ಯ ಅಂಚಿನ 27 ಎಕರೆಯ ಮಿಲೇನಿಯಂ ಯೋಜನೆ. ಪಕ್ಕದ ಸೇನಾ ನೆಲೆಯ ನೆಲ, ರಾಷ್ಟ್ರೀಯ ಉದ್ಯಾನ ಇಲಾಖೆಯಿಂದ ಬಂದ ಕಾಡು, ಸ್ಮಶಾನದ್ದೇ ಹಳೆಯ ಉಗ್ರಾಣದ ಜಾಗ ಇವುಗಳನ್ನು ಕೂಡಿಸಿ ಸುಮಾರು 28,000 ಸಮಾಧಿ ಮತ್ತು ಗೂಡುಗಳಿಗೆ ಅವಕಾಶ ಮಾಡಲಾಯಿತು. ಲೀ ಭವನದ ಹಿಂದಿನ ಕಾಡಿನಲ್ಲಿ ಶತಮಾನ ದಾಟಿದ ಮರಗಳಿದ್ದವು, ನಡುವೆ ಒಂದು ತೊರೆಯಿತ್ತು. ನೂರಾರು ಮರಗಳನ್ನು ಕಡಿಯುವುದಕ್ಕೆ ಸ್ಥಳೀಯರಿಂದ ತೀವ್ರ ವಿರೋಧ ಬಂತು. ಯೋಜನೆ ನಿಲ್ಲಲಿಲ್ಲ, ಕೆಲವು ಮರಗಳನ್ನು ಉಳಿಸಿಕೊಂಡು, ತೊರೆಯ ಪಾತ್ರವನ್ನು ದುರಸ್ತಿಗೊಳಿಸಿ, ಹೊಸ ಸಸಿಗಳನ್ನು ನೆಟ್ಟು ಮುಂದುವರಿದರು. ನೂರು ವರ್ಷದ ಮರಕ್ಕೆ ಸಸಿ ಸಮವಲ್ಲ ಎಂಬ ವಿರೋಧಿಗಳ ಮಾತು ನಿಜವೇ ಆಗಿತ್ತು. ವರ್ಜೀನಿಯಾದ ಮನಾಸಸ್ ರಣಭೂಮಿಯಲ್ಲಿ ಸಿಕ್ಕಿದ್ದ, ಅಂತರ್ಯುದ್ಧದ ಕಾಲದ ಇಬ್ಬರು ಅನಾಮಧೇಯ ಸೈನಿಕರ ಅಸ್ಥಿಗಳನ್ನು 2018ರ ಸೆಪ್ಟೆಂಬರ್ 6ರಂದು ಮೊದಲು ಹೂಳಿ ಈ ಭಾಗವನ್ನು ತೆರೆದರು.

ಎರಡನೆಯದಾದ ದಕ್ಷಿಣ ವಿಸ್ತರಣೆ ಇನ್ನೂ ದೊಡ್ಡದು, ತೊಡಕೂ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾತ್ಕಾಲಿಕವಾಗಿ ಕಟ್ಟಿ ಎಪ್ಪತ್ತು ವರ್ಷ ಬಳಸಿದ ನೌಕಾಸೇನೆಯ ನೇವಿ ಅನೆಕ್ಸ್ ಕಚೇರಿಗಳನ್ನು 2013ರಲ್ಲಿ ಕೆಡವಿ ಜಾಗ ಸಿದ್ಧಪಡಿಸಲಾಗಿತ್ತು. ಆದರೆ ಆ ಜಾಗಕ್ಕೂ ಸ್ಮಶಾನಕ್ಕೂ ನಡುವೆ ಸ್ಥಳೀಯ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ) ಸೇರಿದ ರಸ್ತೆಗಳಿದ್ದವು. ನೆಲವನ್ನು ಅದಲುಬದಲು ಮಾಡಿಕೊಳ್ಳುವ ಮಾತುಕತೆ ವರ್ಷಗಟ್ಟಲೆ ನಡೆದು ಮುರಿದುಬಿತ್ತು. ಕೊನೆಗೆ ಕೇಂದ್ರ ಸರ್ಕಾರ ಸುಮಾರು ಒಂಬತ್ತು ಎಕರೆಯನ್ನು ಕಾನೂನಿನ ಬಲದಿಂದ ಸ್ವಾಧೀನಪಡಿಸಿಕೊಂಡಿತು. ಹೊಸ ರಸ್ತೆ ಕಟ್ಟಿಕೊಟ್ಟರೆ ಅದೇ ಪರಿಹಾರವಾಯಿತೇ, ಬೇರೆ ಹಣವನ್ನೂ ಕೊಡಬೇಕೇ ಎಂಬ ವಿವಾದ ನ್ಯಾಯಾಲಯಕ್ಕೆ ಹೋಗಿ ಮೇಲ್ಮನವಿಯವರೆಗೂ ಬೆಳೆಯಿತು. ಕೊಲಂಬಿಯಾ ಪೈಕ್ ರಸ್ತೆಯ ದಿಕ್ಕನ್ನೇ ಬದಲಿಸಿ, ಇನ್ನೊಂದು ರಸ್ತೆಯನ್ನು ಅಳಿಸಿ, ವಾಯುಸೇನೆಯ ಸ್ಮಾರಕವನ್ನೂ ಸ್ಮಶಾನದ ಎಲ್ಲೆಗೆ ಸೇರಿಸಿಕೊಳ್ಳುವ ಕಾಮಗಾರಿ 2021ರಲ್ಲಿ ಮೊದಲಾಯಿತು. ಇದರಿಂದ ಸುಮಾರು 80,000 ಹೊಸ ಸ್ಥಾನಗಳು ಸಿಗಲಿವೆ.

ಸುತ್ತಲೂ ಹೆದ್ದಾರಿ, ನದಿ, ಪೆಂಟಗನ್, ಸೇನಾ ನೆಲೆ, ಜನವಸತಿ ಇರುವುದರಿಂದ ಇದರಾಚೆಗೆ ಸೇರಿಸಿಕೊಳ್ಳಲು ನೆಲವಿಲ್ಲ. ಇಷ್ಟೆಲ್ಲ ಆದ ಮೇಲೂ ಈಗಿನ ನಿಯಮಗಳು ಹೀಗೇ ಮುಂದುವರಿದರೆ 2050ರ ದಶಕ ಕಳೆಯುವ ಹೊತ್ತಿಗೆ ಹೊಸಬರಿಗೆ ಜಾಗ ಮುಗಿಯುತ್ತದೆ. ಇಂದು ಸೇನೆ ಸೇರುವ ಇಪ್ಪತ್ತರ ಹರೆಯದವರು ವಯಸ್ಸಾಗಿ ತೀರಿಕೊಳ್ಳುವ ಮುನ್ನವೇ ಆ ಬಾಗಿಲು ಮುಚ್ಚಿರುತ್ತದೆ.

ಅರ್ಹತೆಯ ಕರಡು

ಈ ಅರಿವಿನಿಂದಲೇ ಅಮೆರಿಕದ ಸಂಸತ್ತು 2019ರ ಆರ್ಥಿಕ ವರ್ಷದ ರಕ್ಷಣಾ ಕಾಯ್ದೆಯಲ್ಲಿ, ಸ್ಮಶಾನವು ದೂರದ ಭವಿಷ್ಯದವರೆಗೂ ಸಕ್ರಿಯವಾಗಿ ಉಳಿಯುವಂತೆ ಅರ್ಹತೆಯನ್ನು ಪರಿಷ್ಕರಿಸಬೇಕೆಂದು ಸೇನಾ ಕಾರ್ಯದರ್ಶಿಗೆ ಆದೇಶಿಸಿತು. ಸೇನೆ ಅದನ್ನು 150 ವರ್ಷವೆಂದು ತೆಗೆದುಕೊಂಡಿತು. ಅದಕ್ಕೆ ಮುನ್ನ ಸೇನೆ ಸಾರ್ವಜನಿಕ ಸಮೀಕ್ಷೆಗಳನ್ನು ನಡೆಸಿತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಸ್ಮಶಾನ ಮುಚ್ಚಬಾರದು, ಅದಕ್ಕಾಗಿ ಅರ್ಹತೆ ಬಿಗಿಯಾದರೂ ಸರಿ ಎಂಬುದೇ ಬಹುತೇಕರ ಒಲವಾಗಿತ್ತು. ಸೇವೆಯಲ್ಲಿರುವವರು ಮತ್ತು ಮಾಜಿ ಸೈನಿಕರು ಸೇರಿ ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಅರ್ಹರು, ಉಳಿದಿರುವುದು 95,000ಕ್ಕಿಂತ ಕಡಿಮೆ ಸ್ಥಾನಗಳು ಎಂದು ಸೇನೆ 2019ರಲ್ಲಿ ಮುಂದಿಟ್ಟ ಲೆಕ್ಕ ಚರ್ಚೆಯ ಸ್ವರೂಪವನ್ನೇ ಬದಲಿಸಿತು.

2019ರಲ್ಲಿ ಪ್ರಕಟವಾಗಿ 2020ರಲ್ಲಿ ಕರಡು ನಿಯಮವಾದ ಪ್ರಸ್ತಾವದ ಪ್ರಕಾರ ನೆಲದೊಳಗಿನ ಸಮಾಧಿ ಮುಖ್ಯವಾಗಿ ಯುದ್ಧದಲ್ಲಿ ಮಡಿದವರಿಗೆ, ಸಿಲ್ವರ್ ಸ್ಟಾರ್ ಮತ್ತು ಅದಕ್ಕೂ ಮೇಲಿನ ಶೌರ್ಯಪದಕ ಪಡೆದವರಿಗೆ, ಗಾಯಾಳುಗಳಿಗೆ ಸಲ್ಲುವ ಪರ್ಪಲ್ ಹಾರ್ಟ್ ಪಡೆದವರಿಗೆ, ಯುದ್ಧಕೈದಿಗಳಾಗಿದ್ದವರಿಗೆ, ಅಧ್ಯಕ್ಷ ಉಪಾಧ್ಯಕ್ಷರಿಗೆ ಮೀಸಲು. ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಪಡೆದವರಿಗಾಗಿ 1,000 ಸಮಾಧಿಗಳನ್ನು ಪ್ರತ್ಯೇಕವಾಗಿ ಕಾದಿರಿಸಬೇಕು. ಇಪ್ಪತ್ತು ವರ್ಷ ಸೇವೆ ಮುಗಿಸಿ ನಿವೃತ್ತರಾದವರಿಗೆ ಈವರೆಗೆ ಇದ್ದ ಸಮಾಧಿಯ ಹಕ್ಕು ಹೋಗಿ ಗೂಡಿನ ಹಕ್ಕಷ್ಟೇ ಉಳಿಯುತ್ತದೆ.

ಆಕ್ಷೇಪಗಳು ಹಲವು ದಿಕ್ಕುಗಳಿಂದ ಬಂದವು. ಸೇವೆಗೆ ಸೇರುವಾಗ ಇದ್ದ ನಿಯಮವನ್ನು ಜೀವನದ ಸಂಜೆಯಲ್ಲಿ ಬದಲಿಸುವುದು ಕೊಟ್ಟ ಮಾತನ್ನು ಮುರಿದಂತೆ ಎಂದು ನಿವೃತ್ತರು ಹೇಳಿದರು. ಮಹಿಳೆಯರಿಗೆ ಯುದ್ಧದ ನೇರ ಹುದ್ದೆಗಳು ತೆರೆದದ್ದೇ 2013ರ ನಿರ್ಧಾರದಿಂದ. ಅದಕ್ಕೂ ಮೊದಲು ದುಡಿದ ಮಹಿಳೆಗೆ ರಣರಂಗದ ಪದಕವಿಲ್ಲವೆಂದು ಸಮಾಧಿಯನ್ನು ನಿರಾಕರಿಸಿದರೆ, ಅಂದಿನ ನಿರ್ಬಂಧದ ದಂಡವನ್ನು ಆಕೆ ಇಂದು ತೆತ್ತಂತಾಗುತ್ತದೆ. ಇನ್ನೊಂದು ಕಡೆ ಬೇರೆ ಒಂದು ರಾಷ್ಟ್ರೀಯ ಸ್ಮಶಾನವನ್ನು ಆರಿಸಿ ಅಲ್ಲೂ ಆರ್ಲಿಂಗ್ಟನ್‌ನಷ್ಟೇ ಪೂರ್ಣ ಸೇನಾ ಗೌರವ ಸಿಗುವಂತೆ ಮಾಡಬೇಕೆಂದು ನಿವೃತ್ತ ಅಧಿಕಾರಿಗಳ ವಲಯದಿಂದ ಸಲಹೆ ಬಂತು.

ಪ್ರಕರಣದಿಂದ ಗ್ರಹಿಸಬೇಕಾದದ್ದು

1864ರಿಂದ ಇಂದಿನವರೆಗೆ ನಡೆದ ಪ್ರತಿ ವಿಸ್ತರಣೆಗೂ ಯಾರೋ ಬೆಲೆ ತೆತ್ತಿದ್ದಾರೆ: ಲೀ ಕುಟುಂಬ, ಫ್ರೀಡ್‌ಮನ್ಸ್ ವಿಲೇಜಿನ ನಿವಾಸಿಗಳು, ಹಳೆಯ ಕಾಡು, ಕೌಂಟಿಯ ರಸ್ತೆ. ಲೀ ಕುಟುಂಬಕ್ಕೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆದಿತ್ತು, ಕೌಂಟಿಗೂ ವಕೀಲರಿದ್ದರು. ಬಿಡುಗಡೆಗೊಂಡ ಗುಲಾಮರಿಗೆ ಅಂಥ ಬಲವಿರಲಿಲ್ಲ. ವಿಸ್ತರಣೆಯ ಯೋಜನೆಯನ್ನು ಬರೆಯುವವರು ನೆಲದ ಅಳತೆಯ ಜೊತೆಗೆ ಆ ನೆಲದಲ್ಲಿ ಇದ್ದವರ ಇತಿಹಾಸವನ್ನೂ ಮೊದಲ ಪುಟದಲ್ಲೇ ದಾಖಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕಾಲದ ಕ್ರಮ. 1967ರಲ್ಲಿ ಅರ್ಹತೆ ಮೊದಲು ಬದಲಾಯಿತು, ಗೂಡುಗಳ ಗೋಡೆ ಹದಿಮೂರು ವರ್ಷ ತಡವಾಗಿ ಬಂತು. ನಡುವಿನ ಅವಧಿಯಲ್ಲಿ ಸಾಮಾನ್ಯ ಸೈನಿಕರ ಕುಟುಂಬಗಳಿಗೆ ಇಲ್ಲಿ ಏನೂ ಇರಲಿಲ್ಲ. ಈ ಬಾರಿ ಪರ್ಯಾಯವನ್ನು ಮೊದಲು ಸಿದ್ಧಪಡಿಸಿ ನಂತರ ಬಾಗಿಲನ್ನು ಕಿರಿದಾಗಿಸುವುದು ನ್ಯಾಯ. ಬೇರೆ ಸ್ಮಶಾನದಲ್ಲೂ ಪೂರ್ಣ ಗೌರವ ಕೊಡಬೇಕೆಂಬ ಸಲಹೆಗೆ ಬೆಲೆ ಬರುವುದು ಇಲ್ಲಿಯೇ. ಕುಟುಂಬಗಳಿಗೆ ಬೇಕಾಗಿರುವ ಗೌರವವನ್ನು ಇನ್ನೊಂದು ಊರಿಗೆ ಒಯ್ಯಬಹುದು, ನೆಲವನ್ನು ಹಿಗ್ಗಿಸಲಾಗದು. ಅರ್ಹತೆ ಬಿಗಿಯಾಗಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನೂರು ವರ್ಷದ ಬಳಿಕ ಯುದ್ಧದಲ್ಲಿ ಮಡಿಯುವ ಸೈನಿಕನಿಗೂ ಇಲ್ಲಿ ಜಾಗವಿರಬೇಕಾದರೆ ಬೇರೆ ಉಪಾಯವಿಲ್ಲ. ಆದರೆ ಈಗಾಗಲೇ ನಿವೃತ್ತರಾದವರನ್ನು ಹಳೆಯ ನಿಯಮದಲ್ಲೇ ಉಳಿಸಿ, ಹೊಸ ನಿಯಮವನ್ನು ಮುಂದೆ ಸೇನೆ ಸೇರುವವರಿಂದ ಆರಂಭಿಸಿದರೆ, ಒಂದಿಷ್ಟು ವರ್ಷಗಳ ಜಾಗ ಖರ್ಚಾದರೂ ಕೊಟ್ಟ ಮಾತು ಉಳಿಯುತ್ತದೆ.

ಚರ್ಚೆಯಲ್ಲಿ ಸಾಕಷ್ಟು ಗಮನ ಸಿಗದ ಇನ್ನೊಂದು ವಿಷಯವಿದೆ. ಗೂಡಿನ ಹಕ್ಕು ಎಂದರೆ ದಹನಕ್ಕೆ ಒಪ್ಪುವವರಿಗೆ ಸಿಗುವ ಹಕ್ಕು. ಚಿತೆಯೇರಿಸುವ ಸಂಪ್ರದಾಯದಲ್ಲಿ ಬೆಳೆದ ನಮ್ಮಲ್ಲಿ ಬಹಳ ಜನಕ್ಕೆ ಇದು ಸಣ್ಣ ಬದಲಾವಣೆಯಾಗಿ ಕಾಣಬಹುದು. ಆದರೆ ಮುಸ್ಲಿಂ ಸೈನಿಕನಿಗೂ ಸಂಪ್ರದಾಯಸ್ಥ ಯಹೂದಿ ಸೈನಿಕನಿಗೂ ದೇಹವನ್ನು ಸುಡುವುದು ಧರ್ಮಕ್ಕೆ ವಿರುದ್ಧ. ಅವರ ಪಾಲಿಗೆ ‘ಗೂಡು ಮಾತ್ರ’ ಎಂಬ ನಿಯಮ ‘ಇಲ್ಲ’ ಎಂಬ ಉತ್ತರಕ್ಕೆ ಸಮ. ಒಂದೇ ಅವಧಿ ಸೇವೆ ಮಾಡಿ ನಿವೃತ್ತರಾದ ಇಬ್ಬರಲ್ಲಿ ಒಬ್ಬರಿಗೆ ಗೋಡೆಯಲ್ಲಿ ಜಾಗ ಸಿಕ್ಕಿ ಇನ್ನೊಬ್ಬರಿಗೆ ಏನೂ ಸಿಗದಂತಾಗುತ್ತದೆ. ನಿವೃತ್ತರನ್ನು ಗೂಡಿಗೆ ಸೀಮಿತಗೊಳಿಸುವ ಯಾವುದೇ ನಿಯಮವು, ಧರ್ಮದ ಕಾರಣದಿಂದ ದಹನವನ್ನು ಒಪ್ಪಲಾಗದವರಿಗಾಗಿ ದಕ್ಷಿಣ ವಿಸ್ತರಣೆಯ ನೆಲದಲ್ಲಿ ಒಂದು ಪಾಲನ್ನು ಆರಂಭದಲ್ಲೇ ಎತ್ತಿಡಬೇಕು. ಸ್ಥಾನಗಳ ಹಂಚಿಕೆ ಪೂರ್ಣಗೊಂಡ ಮೇಲೆ ಆ ತಿದ್ದುಪಡಿಗೆ ನೆಲವೇ ಉಳಿದಿರುವುದಿಲ್ಲ.